ಉಪ್ಪಿನ ಗೆರೆ

ಅಂಗಿಯ ಕಾಲರು ಕುತ್ತಿಗೆಯನ್ನು ಕೊಯ್ಯುತ್ತಿತ್ತು. ಅಮ್ಮ ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿಯೆಂದರೆ ಹಾಗೇ, ಅದನ್ನು ತೊಟ್ಟುಕೊಳ್ಳುವುದಲ್ಲ, ಬಾಗಿಲು ತೆಗೆದು ಅದರೊಳಗೆ ಹೋಗಿ ನಿಲ್ಲುವುದು. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಪ್ರಾಯವನ್ನೆಲ್ಲ ಸವೆಸಿದ ಕೈಗೆ ಈಗ ಸಿಗುವುದು ಮಗಳ ನಾಲ್ಕು ಅಂಗಿ ಮಾತ್ರ. ಒಂದು ಕಾಲಕ್ಕೆ ರಾಶಿ ರಾಶಿ ಚಾದರಗಳ ಮೇಲೆ ಹಂಚಿಹೋಗುತ್ತಿದ್ದ ಹುರುಪೆಲ್ಲ ಈಗ ಆ ನಾಲ್ಕರ ಮೇಲೇ ಬೀಳುತ್ತಿತ್ತು. ಬೆಳಿಗ್ಗೆ ಅವಳು ಅಂದಿದ್ದಳು, "ಬಿಳಿದು ಬೇಡಮ್ಮ ಇವತ್ತು." ಅಮ್ಮ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, "ಯಾಕೆ? ದೊಡ್ಡ ಮೀಟಿಂಗು ಅಂದೆಯಲ್ಲ," ಎಂದಳು. "ಬೆವರು ಕಾಣುತ್ತೆ." "ಕಂಡ್ರೆ ಕಾಣಲಿ ಬಿಡೇ. ಮೈ ಇರೋರಿಗೆ ಬೆವರು ಬರುತ್ತೆ, ಗೋಡೆಗೆ ಬರುತ್ತಾ?" ವಾದ ಮಾಡುವುದಕ್ಕೆ ಹೊತ್ತಿರಲಿಲ್ಲ. ಬಿಳಿ ಅಂಗಿಯನ್ನೇ ತೊಟ್ಟು, ಅದರ ಮೇಲೆ ಬೂದುಬಣ್ಣದ ಸ್ವೆಟರು ಎಳೆದುಕೊಂಡು ಬಂದಿದ್ದಳು. ಹೊರಗೆ ಬಿಸಿಲು ಕಾಯುತ್ತಿದ್ದ ದಿನ ಸ್ವೆಟರು ಹಾಕಿಕೊಂಡವಳನ್ನು ಬಸ್ಸಿನಲ್ಲಿ ಎದುರಿಗೆ ಕೂತಿದ್ದ ಹೆಂಗಸು ಜ್ವರ ಬಂದವಳನ್ನು ನೋಡುವಂತೆ ನೋಡಿದ್ದಳು.

ಸಂಶೋಧನಾ ಸಂಸ್ಥೆಯ ಲಿಫ್ಟಿನಲ್ಲಿ ಮೂರು ಕಡೆ ಕನ್ನಡಿ. ಯಾವ ಪುಣ್ಯಾತ್ಮ ಇದನ್ನು ಕಟ್ಟಿಸಿದನೋ, ಒಬ್ಬಳೇ ಹತ್ತಿದರೂ ತನ್ನನ್ನು ತಾನೇ ಸುತ್ತುವರಿದು ನಿಲ್ಲಬೇಕು. ಮೇಲ್ದುಟಿಯ ಮೇಲೆ ಆಗಲೇ ಹನಿಗಳು ಮೂಡಿದ್ದವು. ಕೈ ತನ್ನಷ್ಟಕ್ಕೆ ಜೇಬಿನ ಕರವಸ್ತ್ರಕ್ಕೆ ಹೋಯಿತು. ಎರಡು ಇಟ್ಟುಕೊಳ್ಳುವುದು ಅಭ್ಯಾಸ, ಒಂದು ಒದ್ದೆಯಾದರೆ ಇನ್ನೊಂದು. ಯಾವತ್ತಿನಿಂದ ಎಂದು ಕೇಳಿದರೆ ಅವಳಿಗೆ ಗೊತ್ತಿತ್ತು. ಶಾಲೆಗೆ ಹೋಗುವ ಮುಂಚೆ ಅಮ್ಮನ ಜೊತೆ ಒಗೆಯುವ ಕೋಣೆಗೆ ಹೋಗಿ, ಹಬೆ ಕಾರುವ ಹಂಡೆಗಳ ನಡುವೆ ಚಾದರದ ಎರಡು ತುದಿ ಹಿಡಿದು ಮಡಿಸಿಕೊಟ್ಟು, ಅಲ್ಲಿಂದ ಓಡುತ್ತಾ ತರಗತಿಗೆ ಬಂದು ಕೂರುತ್ತಿದ್ದ ಕಾಲ. ಪಾಠ ಓದಿಸುತ್ತಾ ಬೆಂಚುಗಳ ನಡುವೆ ಬಂದ ಟೀಚರು ಅವಳ ಹತ್ತಿರ ಒಂದು ಗಳಿಗೆ ನಿಂತು, ತಲೆ ಸವರಿ, "ನೀನು ಕಿಟಕಿ ಪಕ್ಕ ಕೂತ್ಕೋ ಮರೀ, ಗಾಳಿ ಬರುತ್ತೆ," ಅಂದಿದ್ದರು. ಬೈದಿದ್ದರೆ ಮರೆತುಹೋಗುತ್ತಿತ್ತು. ಮರೀ ಅಂದಿದ್ದರು. ಪಕ್ಕದಲ್ಲಿದ್ದ ಹುಡುಗಿ ಜಾಗ ಸಿಕ್ಕ ಸಂತೋಷಕ್ಕೆ ಕಾಲು ಚಾಚಿದ್ದಳು. ಗಾಳಿ ನಿಜವಾಗಿಯೂ ಬಂದಿತ್ತು. ತಣ್ಣನೆಯ ಆ ಗಾಳಿಯನ್ನು ಮೈ ಸುಖವೆಂದು ತೆಗೆದುಕೊಂಡಿತ್ತಲ್ಲ, ಅದಕ್ಕೇ ಅವಳು ತನ್ನನ್ನು ಇವತ್ತಿಗೂ ಕ್ಷಮಿಸಿರಲಿಲ್ಲ.

ಕರವಸ್ತ್ರ ಜೇಬಿನಿಂದ ಹೊರಗೆ ಬರುವ ಮೊದಲೇ ಲಿಫ್ಟಿನ ಬಾಗಿಲು ತೆರೆಯಿತು. ಪ್ರಯೋಗಾಲಯದ ವಾಸನೆ, ಸ್ಪಿರಿಟ್ಟು, ಸುಟ್ಟ ಪ್ಲಾಸ್ಟಿಕ್ಕು, ತಣ್ಣಗಿನ ಲೋಹ. ಇಲ್ಲಿ ಯಾವ ಮೈಗೂ ವಾಸನೆಯಿಲ್ಲ, ಕೈಗೆ ಗವಸು, ಬಾಯಿಗೆ ಮಾಸ್ಕು. ಬಹುಶಃ ಅದಕ್ಕೇ ಈ ವೃತ್ತಿ ಹಿಡಿದಳೋ ಏನೋ. ಟೆಕ್ನೀಶಿಯನ್ ಅಕ್ಕ ಆಗಲೇ ಬಂದು ಮಂಜುಗಡ್ಡೆಯ ಡಬ್ಬಿ ತೆರೆದಿದ್ದಳು. ಆಸ್ಪತ್ರೆಯಿಂದ ಬಂದ ಅಂಗೈ ಚರ್ಮದ ತುಣುಕು, ಯಾವುದೋ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ಉಳಿದದ್ದು. ಯಾರದೆಂದು ಕೇಳುವಂತಿಲ್ಲ, ಡಬ್ಬಿಯ ಮೇಲೆ ನಂಬರು ಮಾತ್ರ. ಆದರೆ ಬ್ಲೇಡು ಇಳಿಯುವಾಗ ಗೊತ್ತಾಗುತ್ತಿತ್ತು. ಕೆಲವು ಅಂಗೈ ಬೆಣ್ಣೆಯ ಹಾಗೆ ಸೀಳುತ್ತವೆ, ಕೆಲವಕ್ಕೆ ಎರಡು ಬ್ಲೇಡು ಬೇಕು. ಎರಡು ಬ್ಲೇಡು ಬೇಕಾದಾಗಲೆಲ್ಲ ಅಕ್ಕ "ಯಾರೋ ಗಟ್ಟಿ ಜೀವ" ಎನ್ನುತ್ತಿದ್ದಳು, ಇವಳು ಹೊಸ ಬ್ಲೇಡು ಕೊಡುತ್ತಿದ್ದಳು. ಆಮೇಲೆ ಆ ತುಣುಕನ್ನು ಕೊಚ್ಚಿ, ಮೈಬಿಸಿಯಷ್ಟೇ ಬಿಸಿಯಿದ್ದ ದ್ರವದಲ್ಲಿ ನೆನೆಸಿ ಅಲುಗಿಸಿದರೆ, ಹುಟ್ಟಿದಂದಿನಿಂದ ಒಂದನ್ನೊಂದು ತಬ್ಬಿ ಹಿಡಿದಿದ್ದ ಜೀವಕೋಶಗಳು ಕೈಬಿಟ್ಟು ಬೇರೆಯಾಗುತ್ತವೆ. ಅವನ್ನು ಸೋಸಿ ಯಂತ್ರಕ್ಕೆ ಕೊಟ್ಟರೆ ಅದು ಒಂದೊಂದು ಕೋಶವನ್ನೂ ಎಣ್ಣೆಯಲ್ಲಿ ತೇಲುವ ಒಂದೊಂದು ಹನಿಯೊಳಗೆ ಕೂಡಿಸುತ್ತದೆ. ಹನಿಗೊಂದು ಕೋಶ, ಕೋಶಕ್ಕೊಂದು ವಿಳಾಸ. ಕೋಶ ಆ ಹೊತ್ತಿನಲ್ಲಿ ಒಳಗೊಳಗೇ ಆಡುತ್ತಿದ್ದ ಮಾತುಗಳೆಲ್ಲ, ಯಾವ ವಂಶವಾಹಿ ಎಷ್ಟು ಸಲ ಕೂಗಿತು, ಯಾವುದು ಸುಮ್ಮನಿತ್ತು, ಆ ವಿಳಾಸದ ಸಮೇತ ಕಂಪ್ಯೂಟರಿಗೆ ಹೋಗುತ್ತವೆ. ಒಂದು ಕೋಶ ಪರದೆಯ ಮೇಲೆ ಒಂದು ಚುಕ್ಕೆ. ಒಂದೇ ಬಗೆಯ ಮಾತಾಡುವ ಚುಕ್ಕೆಗಳು ಗುಂಪುಗೂಡಿ ದ್ವೀಪಗಳಾಗುತ್ತವೆ. ಅದೇ ನಕ್ಷೆ.

ಈ ವಿದ್ಯೆ ಅವಳಿಗೆ ಹುಚ್ಚು ಹಿಡಿಸಿದ್ದು ಒಂದೇ ಮಾತಿನಿಂದ. ಅದಕ್ಕೂ ಹಿಂದಿನವರು ಚರ್ಮವೆಂದರೆ ಚರ್ಮವನ್ನೆಲ್ಲ ಅರೆದು ಚಟ್ನಿ ಮಾಡಿ, ಆ ಚಟ್ನಿ ಏನು ಹೇಳುತ್ತದೆಂದು ಬರೆಯುತ್ತಿದ್ದರು. ಸರಾಸರಿ. ಸರಾಸರಿಯಷ್ಟು ದೊಡ್ಡ ಸುಳ್ಳು ಇನ್ನೊಂದಿಲ್ಲ ಎನ್ನುವುದು ಹೊಟ್ಟೆ ತುಂಬದವರಿಗೆಲ್ಲ ಗೊತ್ತು. ಉಂಡವನನ್ನೂ ಉಪವಾಸದವನನ್ನೂ ಕೂಡಿಸಿ ಭಾಗಿಸಿದರೆ ಇಬ್ಬರೂ ಅರ್ಧ ಉಂಡಂತಾಗುತ್ತದೆ. ದೊಡ್ಡವರು ಮೊದಲ ದಿನ ಅವಳಿಗೆ ಹೇಳಿದ್ದರು, "ಇನ್ಮೇಲೆ ಗುಂಪನ್ನ ಕೇಳೋದಿಲ್ಲಮ್ಮ, ಒಬ್ಬೊಬ್ಬರನ್ನೇ ಕೇಳ್ತೀವಿ." ಅವತ್ತು ಬಸ್ಸಿನಲ್ಲಿ ಮನೆಗೆ ಹೋಗುವಾಗ ಅವಳ ಕಣ್ಣಲ್ಲಿ ನೀರಿತ್ತು. ದೊಡ್ಡವರು ಎಂದರೆ ಈ ಪ್ರಯೋಗಾಲಯದ ಮುಖ್ಯಸ್ಥರು, ರಕ್ತದ ಕೋಶಗಳ ಮೇಲೆ ಹೆಸರು ಮಾಡಿದವರು. ಬೇರೆ ಕಡೆಯವರು ಅವಳ ಅರ್ಜಿ ನೋಡಿ ಮುಖ ತಿರುಗಿಸಿದ್ದಾಗ, ಓದಿದ ಕಾಲೇಜಿನ ಹೆಸರನ್ನು ಎರಡು ಸಲ ಕೇಳದೆ ಒಳಗೆ ಬಿಟ್ಟುಕೊಂಡವರು ಅವರೊಬ್ಬರೇ. ಅವರನ್ನು ಕಂಡರೆ ಅವಳಿಗೆ ಇದ್ದದ್ದು ಬರೀ ಗೌರವವಲ್ಲ, ಹೊರೆಯಂಥ ಒಂದು ಕೃತಜ್ಞತೆ.

"ಏನಮ್ಮಾ ಹೆಣ ಕಾಯೋಳೇ, ಎದ್ದವಾ ನಿನ್ನ ಹೆಣಗಳು?"

ಗ್ರಾಫಣ್ಣ. ಲೆಕ್ಕ, ಕಂಪ್ಯೂಟರು, ಚಿತ್ರ ಎಲ್ಲ ಅವನದೇ ಆಗಿದ್ದರಿಂದ ಬಿದ್ದ ಹೆಸರು. ಚಹಾ ಲೋಟ ಹಿಡಿದು ಬಾಗಿಲಿಗೆ ಒರಗಿದ್ದ. ಕಂಪ್ಯೂಟರು ಸತ್ತವೆಂದು ಎಸೆದ ಕೋಶಗಳನ್ನು ಬಿಡದೆ ನೋಡುತ್ತಾಳೆಂದು ಅವಳಿಗೆ ಹೆಣ ಕಾಯೋಳು ಎಂದು ಹೆಸರಿಟ್ಟವನೂ ಅವನೇ. ಕೆಟ್ಟವನಲ್ಲ. ಅವಳ ಹಾಳೆ ಕಟ್ಟುಗಳನ್ನು ಎಷ್ಟೋ ಸಲ ತಾನೇ ಹೊತ್ತು ತಂದುಕೊಟ್ಟವನು.

"ನಿಂಗೊಂದು ಮಾತು ಹೇಳ್ಬಿಡ್ತೀನಿ," ಎಂದ, ದನಿ ಇಳಿಸಿ. "ಇವತ್ತು ಮಧ್ಯಾಹ್ನ ನಕ್ಷೆಯ ಪೇಪರು ಜರ್ನಲ್ಲಿಗೆ ಹೋಗ್ತಾ ಇದೆ. ಮೊದಲ ಹೆಸರು ನಿಂದು. ನಿನ್ನ ಮೊಮ್ಮಕ್ಕಳು ಹೇಳ್ಕೊಂಡು ತಿರುಗಬಹುದು. ಸುಮ್ಮನೆ ಹೂಂ ಅನ್ನು. ಆ ಗೆರೆ ಯಾರು ಎಳೆದಿದ್ದು ಗೊತ್ತಲ್ಲ?"

"ಗೊತ್ತು."

"ಗೊತ್ತಿದ್ದೂ? ಉಪ್ಪು ತಿಂದ ಮನೆಗೆ ಎರಡು ಬಗೀಬಾರದು ಕಣೇ."

ಅವಳು ನಕ್ಕಳು. ನಗು ಬಂದದ್ದಲ್ಲ, ತಂದುಕೊಂಡದ್ದು. ಅವನು ಹೋದ ಮೇಲೆ ಆ ಗಾದೆ ಮಾತ್ರ ಹೋಗದೆ ಅಲ್ಲೇ ನಿಂತಿತು, ಚಹಾ ಲೋಟ ಇಟ್ಟು ಎತ್ತಿದ ಮೇಲೆ ಮೇಜಿನ ಮೇಲೆ ಉಳಿಯುವ ಒದ್ದೆ ಬಳೆಯ ಹಾಗೆ.

ಗೆರೆ. ಜೀವಕೋಶದೊಳಗೆ ಮೈಟೋಕಾಂಡ್ರಿಯ ಎನ್ನುವ ಸಣ್ಣ ಒಲೆಗಳಿರುತ್ತವೆ, ಉರಿಸಿ ಶಕ್ತಿ ಕೊಡುವುದು ಅವುಗಳ ಕೆಲಸ. ಕೋಶ ಸಾಯುವಾಗ ಅದರ ಗೋಡೆ ಹರಿದು, ಮನೆಯೊಳಗಿದ್ದ ಮಾತೆಲ್ಲ ಹೊರಗೆ ಸೋರಿಹೋಗುತ್ತದೆ. ಒಲೆಯೊಳಗಿನ ಮಾತು ಮಾತ್ರ ಒಲೆಯೊಳಗೇ ಉಳಿಯುತ್ತದೆ. ಆದ್ದರಿಂದ ಯಾವ ಕೋಶದ ಮಾತಿನಲ್ಲಿ ಒಲೆಯ ಪಾಲು ಹೆಚ್ಚಿದೆಯೋ ಅದು ಸತ್ತ ಕೋಶ. ಇದು ಈ ಕಸುಬಿನ ಮೊದಲ ಪಾಠ. ನೂರಕ್ಕೆ ಹತ್ತು ಪಾಲು ದಾಟಿದರೆ ಹೊರಗೆ ಎಸೆ ಎಂದು ವರ್ಷಗಳ ಹಿಂದೆ ದೊಡ್ಡವರೇ ಒಂದು ಗೆರೆ ಎಳೆದಿದ್ದರು. ರಕ್ತದ ಕೋಶಗಳಿಗೆ ಎಳೆದ ಗೆರೆ. ಕಂಪ್ಯೂಟರಿನ ಆದೇಶಗಳ ನಡುವೆ ಅದು ಒಂದೇ ಒಂದು ಸಾಲು. ಅವರಿಂದ ಅವರ ವಿದ್ಯಾರ್ಥಿಗೆ, ಅವನಿಂದ ಇನ್ನೊಬ್ಬನಿಗೆ, ಅಲ್ಲಿಂದ ಗ್ರಾಫಣ್ಣನಿಗೆ ನಕಲಾಗುತ್ತಾ ಬಂದು, ರಕ್ತ ಮುಗಿದು ಚರ್ಮ ಶುರುವಾದಾಗಲೂ ಅಲ್ಲೇ ಕೂತಿತ್ತು. ಗೆರೆಯ ಆಚೆ ಬಿದ್ದವು "ಸತ್ತವು" ಎಂಬ ಹೆಸರಿನ ಮೂಲೆಗೆ ಹೋಗುತ್ತಿದ್ದವು. ಆ ಮೂಲೆಯನ್ನು ಯಾರೂ ತೆರೆದು ನೋಡುತ್ತಿರಲಿಲ್ಲ. ಹೆಣ ಎಣಿಸುವುದಕ್ಕೆ ಯಾರಿಗೆ ಪುರಸೊತ್ತು? ಒಬ್ಬೊಬ್ಬರನ್ನೇ ಕೇಳುತ್ತೇವೆಂದು ಊರೆಲ್ಲ ಡಂಗುರ ಹೊಡೆದು, ಬಾಗಿಲಲ್ಲೇ ಒಂದಿಷ್ಟು ಜನರಿಗೆ ನೀವು ಸತ್ತಿದ್ದೀರಿ, ಒಳಗೆ ಬರುವಂತಿಲ್ಲ ಎನ್ನುವ ವಿದ್ಯೆ ಇದು. ಗ್ರಾಫಣ್ಣ ಹೊಂದಿಸಿಟ್ಟ ಆ ಸಾಲನ್ನು ಪ್ರತಿ ಸಲ ಓಡಿಸಿದ ಬೆರಳು ಮಾತ್ರ ಇವಳದೇ. ಒತ್ತಿದ್ದಾಗ ಏನೂ ಅನ್ನಿಸಿರಲಿಲ್ಲ, ಕೀಲಿಯ ಸದ್ದು ಟಕ್ ಎಂದಿತ್ತು, ಅಷ್ಟೇ.

ತೆರೆದು ನೋಡಿದ್ದು ಒಂದು ಸಂಜೆ, ಅದೂ ಸಿಟ್ಟಿನಿಂದ. ಆ ದಿನದ ಚರ್ಮಕ್ಕೆ ಎರಡು ಬ್ಲೇಡು ಬೇಕಾಗಿತ್ತು. ಅಕ್ಕ ಎಂದಿನಂತೆ ಗಟ್ಟಿ ಜೀವ ಅಂದಿದ್ದಳು. ಕಂಪ್ಯೂಟರು ಆ ಗಟ್ಟಿ ಜೀವದ ಬಹುಪಾಲನ್ನು ಸತ್ತವೆಂದು ಮೂಲೆಗೆ ತಳ್ಳಿದಾಗ ಅವಳೊಳಗೆ ಏನೋ ಸೆಟೆಯಿತು. ಹೋಗಿ ಬಾಗಿಲು ತೆಗೆದಳು. ಅಲ್ಲಿ ನಿಜವಾದ ಹೆಣಗಳೂ ಇದ್ದವು, ಖಾಲಿ ಮನೆಗಳು, ಸೋರಿಹೋದವು. ಆದರೆ ಅವುಗಳ ನಡುವೆ ಒಂದು ಗುಂಪು ಬೇರೆ ಥರ ಇತ್ತು. ಒಲೆಯ ಪಾಲು ಗೆರೆ ದಾಟಿತ್ತು, ನಿಜ. ಆದರೆ ಮನೆ ಖಾಲಿಯಿರಲಿಲ್ಲ, ತುಂಬಿ ತುಳುಕುತ್ತಿತ್ತು. ಸತ್ತು ಸೋರಿ ಒಲೆಯೊಂದೇ ಉಳಿದ ಮನೆಯಲ್ಲ ಅದು, ಹತ್ತು ಒಲೆ ಹೂಡಿ ಅಡುಗೆ ಮಾಡುತ್ತಿದ್ದ ಮನೆ. ಆ ಮಾತುಗಳನ್ನು ಒಂದೊಂದಾಗಿ ಓದಿದಾಗ ಯಾರೆಂದು ತಿಳಿಯಿತು. ಬೆವರುನಾಳದ ಕೋಶಗಳು. ಚರ್ಮದ ಆಳದಲ್ಲಿ ಸುರುಳಿ ಸುತ್ತಿದ ಗ್ರಂಥಿಯಲ್ಲಿ ಬೆವರು ಹುಟ್ಟುವಾಗ ರಕ್ತದಷ್ಟೇ ಉಪ್ಪಾಗಿರುತ್ತದೆ. ಅದು ನಾಳದಲ್ಲಿ ಮೇಲೇರುವಾಗ ಈ ಕೋಶಗಳು ನಿಂತಲ್ಲೇ ನಿಂತು ಆ ಉಪ್ಪನ್ನು ಎಳೆದೆಳೆದು ಮೈಗೇ ಹಿಂದಿರುಗಿಸುತ್ತವೆ. ಹಾಗೆ ಎಳೆಯದಿದ್ದರೆ ಬಿಸಿಲಿನಲ್ಲಿ ದುಡಿಯುವ ಮನುಷ್ಯ ಉಪ್ಪೆಲ್ಲ ಸುರಿದು ಸಂಜೆಯೊಳಗೆ ನೆಲಕ್ಕೆ ಬೀಳುತ್ತಾನೆ. ಎಳೆಯುವ ಕೆಲಸಕ್ಕೆ ಬೆಂಕಿ ಬೇಕು, ಬೆಂಕಿಗೆ ಒಲೆ ಬೇಕು. ರಕ್ತದ ಕೋಶಗಳಿಗೆ ಒಲೆ ಯಾಕೆ? ಹೊಳೆ ಕರೆದುಕೊಂಡು ಹೋದಲ್ಲಿಗೆ ಕೂತು ಹೋಗುವ ಪ್ರಯಾಣಿಕರು ಅವು. ಕೂತು ಹೋಗುವವರ ಅಳತೆಯಲ್ಲಿ ಕಾನೂನು ಬರೆದು, ನಿಂತು ಎಳೆಯುವವರನ್ನು ಸತ್ತವರೆಂದು ಬರೆದದ್ದು ಹೀಗೆ.

ಆ ಸಂಜೆ ಅವಳಿಗೆ ಕುಣಿಯಬೇಕೆನಿಸಿತ್ತು. ಮನೆಗೆ ಹೋದಾಗ ಅಮ್ಮ ಪಕ್ಕದ ಮನೆಯವಳ ಹತ್ತಿರ ಹೇಳುತ್ತಿದ್ದಳು, "ನನ್ನ ಮಗಳಾ? ಚರ್ಮ ಎಣಿಸ್ತಾಳೆ." "ಚರ್ಮ ಎಣಿಸೋದಾ!" "ಹೂಂ ಮತ್ತೆ, ಒಂದೊಂದೇ. ಸುಮ್ನೇನಾ? ನಿನ್ನ ಅಳಿಯ ದುಡ್ಡು ಎಣಿಸ್ತಾನೆ, ಅದು ಯಾರಿಗೆ ಬರಲ್ಲ?" ನಗುತ್ತಲೇ ಮಲಗಿದವಳು ಕತ್ತಲೆಯಲ್ಲಿ ಎದ್ದು ಕೂತಿದ್ದಳು. ಸಂತೋಷ ಅಷ್ಟು ಸಲೀಸಾಗಿ ಬಂದದ್ದೇ ಅನುಮಾನಕ್ಕೆ ಕಾರಣ. ನೀನು ಕಂಡದ್ದು ಕೋಶವೋ, ಹಬೆಯಲ್ಲಿ ನಿಂತ ನಿನ್ನ ಅಮ್ಮನೋ? ಹಂಡೆಯಿಂದ ಕೋಲಿನಲ್ಲಿ ಚಾದರ ಎತ್ತುತ್ತಿದ್ದ ಆ ತೋಳು, ಕೂದಲಂಚಿನಿಂದ ಇಳಿದು ಗದ್ದದ ತುದಿಯಲ್ಲಿ ನಿಲ್ಲುತ್ತಿದ್ದ ಹನಿ, ವಾರ್ಡಿನ ಡಾಕ್ಟರು ಕೋಣೆಯ ಬಾಗಿಲಲ್ಲಿ ನಿಂತು "ಯಾರಾದರೂ ಇದ್ದೀರೇನ್ರೀ ಒಳಗೆ?" ಎಂದು ಕೂಗಿದ್ದು. ಒಳಗೆ ಎಂಟು ಹೆಂಗಸರಿದ್ದರು, ಹಬೆಯಲ್ಲಿ ಒಬ್ಬರೂ ಅವನಿಗೆ ಕಂಡಿರಲಿಲ್ಲ. ನಿನ್ನ ಸಿಟ್ಟನ್ನೇ ನೀನು ಚುಕ್ಕೆಗಳ ಮೇಲೆ ಬರೆಯುತ್ತಿಲ್ಲ ತಾನೆ? ಸುಳ್ಳು ಹೇಳುವವರು ಎರಡು ಥರ, ಹೊಟ್ಟೆ ತುಂಬಿ ಹೇಳುವವರು, ನೊಂದು ಹೇಳುವವರು. ಎರಡನೆಯವರ ಸುಳ್ಳೂ ಸುಳ್ಳೇ. ಅದಕ್ಕೇ ಬೇರೆ ದಾರಿ ಹಿಡಿದಳು. ಕೊಚ್ಚದ, ನೆನೆಸದ, ಯಂತ್ರ ಕಾಣದ ಚರ್ಮವನ್ನು ಹಾಗೇ ತೆಳ್ಳಗೆ ಸೀಳಿಸಿ ಗಾಜಿನ ಮೇಲಿಟ್ಟು, ಎಸೆದ ಕೋಶಗಳು ಆಡಿದ ಮಾತಿಗೆ ಮಾತ್ರ ಹೊಳೆಯುವ ಬಣ್ಣ ಹಾಕಿಸಿದಳು. ಬೇರ್ಪಡಿಸುವಾಗ ಸತ್ತವೆನ್ನುವುದಾದರೆ, ಬೇರ್ಪಡಿಸದ ಚರ್ಮದಲ್ಲಿ ಆ ಮಾತು ಕೇಳಬಾರದು. ಕೇಳದಿದ್ದರೆ ಬಾಯಿ ಮುಚ್ಚಿಕೊಂಡು ಗೆರೆಗೆ ಕೈ ಮುಗಿಯಬೇಕು. ಸೂಕ್ಷ್ಮದರ್ಶಕದ ಮೇಲೆ ಬಾಗಿದಾಗ ರೆಪ್ಪೆಯ ಮೇಲಿಂದ ಬೆವರು ಜಾರಿ ಕಣ್ಣು ಉರಿದಿತ್ತು. ಒರೆಸಿಕೊಂಡು ಮತ್ತೆ ನೋಡಿದಳು. ಕತ್ತಲೆಯಲ್ಲಿ ನಾಳ ತಿರುಗುತ್ತಾ ಮೇಲೇರಿತ್ತು, ಆಳದಿಂದ ಚರ್ಮದ ಬಾಯಿಯವರೆಗೆ, ಮೆಟ್ಟಿಲು ಮೆಟ್ಟಿಲಿಗೂ ದೀಪ ಹಚ್ಚಿಟ್ಟಂತೆ.

ಮೀಟಿಂಗಿನ ಕೋಣೆಯಲ್ಲಿ ಏಸಿ ಕೆಟ್ಟಿತ್ತು. ಗೋಡೆಯ ಮೇಲೆ ನಕ್ಷೆ, ಬಣ್ಣಬಣ್ಣದ ದ್ವೀಪಗಳು. ದೊಡ್ಡವರು ಎಂದಿನಂತೆ ಕೊನೆಯ ಕುರ್ಚಿಯಲ್ಲಿ ಕೂತಿದ್ದರು. ಮೊದಲ ಕುರ್ಚಿಯಲ್ಲಿ ಕೂರದಿರುವುದು ಅವರ ದೊಡ್ಡತನ, ಅವರು ಕೂತ ಕುರ್ಚಿಯೇ ಮೊದಲನೆಯದಾಗುವುದು ಉಳಿದವರ ಸಣ್ಣತನ. ಎಲ್ಲರೂ ಸಿದ್ಧವಾಗಿದ್ದರು, ಯಾರೋ ಸಿಹಿ ತರಿಸಿ ಡಬ್ಬಿಯ ಮುಚ್ಚಳ ಕೂಡ ಸಡಿಲಿಸಿದ್ದರು.

"ಏನಮ್ಮ, ಎಲ್ಲಾ ಸರಿ ತಾನೆ? ಊಟ ಆದ ಮೇಲೆ ಕಳಿಸಿಬಿಡೋಣ್ವಾ?" ಎಂದರು ದೊಡ್ಡವರು. ಹೂಂ ಎನ್ನುವುದಕ್ಕೆ ಜಾಗ ಬಿಟ್ಟು ಕೇಳಿದ ಪ್ರಶ್ನೆ.

ಅವಳು ಎದ್ದು ನಿಂತಳು. ಸ್ವೆಟರಿನೊಳಗೆ ಬೆನ್ನ ಮೇಲೆ ಒಂದು ಹನಿ ಬೆನ್ನುಮೂಳೆಯ ಗುಂಟ ಇಳಿಯುತ್ತಿತ್ತು.

"ಒಂದು ವಿಷಯ ಇದೆ ಸರ್. ಇದು ಅಂಗೈ ಚರ್ಮದ ನಕ್ಷೆ. ಬೆವರೋದಕ್ಕೆ ಹೆಸರಾದ ಜಾಗ. ಇದ್ರಲ್ಲಿ ಬೆವರುನಾಳ ಎಲ್ಲಿದೆ?"

"ಅಲ್ಲೇ ಆ ಮೂಲೇಲಿ ಬೆವರಿನ ಕೋಶ ಇದಾವಲ್ಲ," ಎಂದ ಗ್ರಾಫಣ್ಣ, ಕೋಲಿನಿಂದ ತೋರಿಸುತ್ತಾ.

"ಅವು ಕೆಳಗಿನ ಸುರುಳಿಯವು. ಮೇಲಕ್ಕೆ ಬರೋ ನಾಳ ಎಲ್ಲಿ? ನಮ್ಮ ನಕ್ಷೆ ಪ್ರಕಾರ ಮನುಷ್ಯ ಬೆವರ್ತಾನೆ, ಆದ್ರೆ ಬೆವರು ಹೊರಗೆ ಬರೋಕೆ ದಾರಿನೇ ಇಲ್ಲ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ದೊಡ್ಡವರೂ ಮುಗುಳ್ನಕ್ಕರು. "ನಾಜೂಕು ಕೋಶಗಳಮ್ಮ. ಬಿಡಿಸುವಾಗ ಸತ್ತುಹೋಗಿರ್ತವೆ."

"ಸತ್ತಿದ್ರೆ ಮನೆ ಖಾಲಿ ಇರಬೇಕಿತ್ತು ಸರ್." ಅವಳು ತನ್ನ ಚಿತ್ರಗಳನ್ನು ಗೋಡೆಗೆ ಹಾಕಿದಳು. ತುಂಬಿದ ಮನೆಗಳನ್ನೂ ಸೋರಿದ ಮನೆಗಳನ್ನೂ ಅಕ್ಕಪಕ್ಕ ಇಟ್ಟು ತೋರಿಸಿದಳು. ಸೀಳಿದ ಚರ್ಮವನ್ನು, ಅದರಲ್ಲಿ ಹೊಳೆಯುತ್ತಾ ಮೇಲೇರುವ ನಾಳವನ್ನು ತೋರಿಸಿದಳು. "ಇಲ್ಲಿ ಯಾರನ್ನೂ ಬಿಡಿಸಿಲ್ಲ, ಯಾರೂ ಸತ್ತಿಲ್ಲ. ನಾವು ಎಸೆದವು ಏನು ಮಾತಾಡ್ತಿದ್ವೋ ಅದನ್ನೇ ಇವೂ ಮಾತಾಡ್ತಿವೆ."

ಡಬ್ಬಿಯ ಮುಚ್ಚಳವನ್ನು ಯಾರೋ ಮೆಲ್ಲಗೆ ಮತ್ತೆ ಒತ್ತಿದರು.

"ಗೆರೆ ಬೇಡ ಅಂತೀಯಾ ಹಾಗಾದ್ರೆ?" ದೊಡ್ಡವರ ದನಿಯಲ್ಲಿ ಈಗ ನಗುವಿರಲಿಲ್ಲ. "ಎಲ್ಲಾ ಹೆಣಗಳನ್ನೂ ಒಳಗೆ ಕರ್ಕೊಂಡು ಕೂರಿಸೋಣ್ವಾ?"

"ಗೆರೆ ಬೇಕು ಸರ್. ನನ್ನ ಮೂಲೆಯಲ್ಲೂ ನಿಜವಾಗಿ ಸತ್ತವು ಬೇಕಾದಷ್ಟಿವೆ, ಅವನ್ನ ನಾನೇ ಎಸೆದಿದೀನಿ. ಆದ್ರೆ ಅವರವರ ಮನೆ ನೋಡಿ ಗೆರೆ ಎಳೀಬೇಕು. ಎಲ್ಲರಿಗೂ ರಕ್ತದ ಗೆರೆ ಆಗಲ್ಲ."

"ನಿಂಗೆ ಕೋಪ ಬಂದಿದೆ."

"ಬಂದಿದೆ ಸರ್."

"ಕೋಪದಿಂದ ವಿಜ್ಞಾನ ಆಗಲ್ಲಮ್ಮ."

ಅದು ಅವಳ ಕತ್ತಲೆಯ ಪ್ರಶ್ನೆಯೇ ಇನ್ನೊಬ್ಬರ ಬಾಯಲ್ಲಿ ಬಂದು ನಿಂತದ್ದು. ಅವಳಿಗೆ ಆಶ್ಚರ್ಯವಾದದ್ದು, ಉತ್ತರ ಎಂದೋ ತಯಾರಾಗಿ ಕೂತಿತ್ತು ಎನ್ನುವುದು. "ಹುಡುಕೋಕೆ ಕಳಿಸಿದ್ದು ಕೋಪ ಸರ್. ಸಿಕ್ಕಿದ್ದು ಕೋಪ ಅಲ್ಲ. ಕೋಪ ಇಲ್ಲದವರೂ ಬಂದು ನೋಡಬಹುದು, ಗಾಜು ಅಲ್ಲೇ ಇದೆ."

ದೊಡ್ಡವರು ಕನ್ನಡಕ ತೆಗೆದು ಒರೆಸಿದರು. ಕನ್ನಡಕವಿಲ್ಲದ ಅವರ ಮುಖ ಬೆತ್ತಲೆಯಾದಂತೆ, ವಯಸ್ಸಾದಂತೆ ಕಂಡಿತು. ಬಾಗಿಲು ತೆರೆದುಕೊಟ್ಟವರು. ಎಲ್ಲರ ಎದುರಿಗೆ ಅವರ ಗೆರೆಗೆ ಕೈ ಹಾಕಿದ್ದೇನೆ. ಅವರು ಮತ್ತೆ ಮಾತಾಡಿದಾಗ ದನಿ ಮೃದುವಾಗಿತ್ತು, ತಲೆ ಸವರುವಷ್ಟು ಮೃದು. "ಚೆನ್ನಾಗಿದೆ, ಚೆನ್ನಾಗಿ ಮಾಡಿದೀಯ. ಇದನ್ನ ಬೇರೆ ಪೇಪರು ಮಾಡು, ಪೂರ್ತಿ ನಿಂದೇ. ನನ್ನ ಹೆಸರೂ ಬೇಡ. ಈಗ ಇದು ಹೋಗಲಿ. ಹೂಂ?"

ಪೂರ್ತಿ ನಿನ್ನದೇ. ಗ್ರಾಫಣ್ಣ ಮೇಜಿನ ಆಚೆಯಿಂದ ಒಪ್ಪಿಕೋ ಒಪ್ಪಿಕೋ ಎಂದು ಹುಬ್ಬು ಹಾರಿಸಿದ. ತಣ್ಣನೆಯ ಗಾಳಿಯೊಂದು ಎಲ್ಲಿಂದಲೋ ಬಂದು ಮುಖಕ್ಕೆ ತಾಗಿದಂತಾಯಿತು, ಈ ಕೋಣೆಗೆ ಕಿಟಕಿಯೇ ಇರಲಿಲ್ಲ. ಕಿಟಕಿ ಪಕ್ಕ ಕೂತ್ಕೋ ಮರೀ. ಬೇರೆ ಬೆಂಚು, ಬೇರೆ ಪೇಪರು, ಪೂರ್ತಿ ನಿನ್ನದೇ. ನಿನಗೆ ಗಾಳಿ, ಅವರಿಗೆ ಕಾಲು ಚಾಚಲು ಜಾಗ. ಅವತ್ತು ಎದ್ದು ಹೋಗಿ ಕೂತಿದ್ದಳು. ಅವಳ ಕೈ ಜೇಬಿನ ಕರವಸ್ತ್ರವನ್ನು ಹುಡುಕುತ್ತಿತ್ತು. ಸಿಕ್ಕಿತು. ಬಿಟ್ಟಳು. ಎರಡೂ ಕೈಯಲ್ಲಿ ಸ್ವೆಟರನ್ನು ತಲೆಯ ಮೇಲಿಂದ ಎಳೆದು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದಳು. ಗಂಜಿ ಹಾಕಿದ ಬಿಳಿ ಅಂಗಿ ಕಂಕುಳಿನಲ್ಲಿ, ಬೆನ್ನಿನಲ್ಲಿ ನೆನೆದು ಮೈಗೆ ಅಂಟಿತ್ತು. ಎಲ್ಲರೂ ನೋಡಿದರು, ನೋಡಲಿ.

"ಬೇಡ ಸರ್," ಎಂದಳು. "ಇವು ಈ ಚರ್ಮದವೇ, ಇದೇ ನಕ್ಷೆಯಲ್ಲಿ ಇವಕ್ಕೆ ಜಾಗ ಬೇಕು. ಇವುಗಳ ಕೆಲಸ ಏನು ಗೊತ್ತಾ ಸರ್? ಮೈಯ ಉಪ್ಪು ಆಚೆ ಹೋಗದಂತೆ ಹಿಡಿದು ಮೈಗೇ ವಾಪಸ್ ಕೊಡೋದು. ಉಪ್ಪು ತಿಂದ ಮನೆಗೆ ಎರಡು ಬಗೀಬಾರದು ಅಂತಾರಲ್ಲ, ಆ ಗಾದೆನ ಇವು ಪಾಲಿಸಿದಷ್ಟು ಇನ್ಯಾರೂ ಪಾಲಿಸಿಲ್ಲ. ನಾವು ಇವನ್ನ ಹೆಣ ಅಂದ್ವಿ." ಗ್ರಾಫಣ್ಣ ತಲೆ ತಗ್ಗಿಸಿದ. "ನಾನೂ ನಿಮ್ಮ ಉಪ್ಪು ತಿಂದವಳೇ. ಅದಕ್ಕೇ ಹೇಳ್ತಾ ಇರೋದು. ಹೀಗೇ ಕಳಿಸೋದಾದ್ರೆ ನನ್ನ ಹೆಸರು ತೆಗೀರಿ."

ಮೇಜಿನ ಮೇಲೆ ಟಪ್ಪೆಂದು ಏನೋ ಬಿತ್ತು. ಅವಳ ಗದ್ದದ ತುದಿಯ ಹನಿ.

ದೊಡ್ಡವರು ಕನ್ನಡಕ ಮತ್ತೆ ಏರಿಸಿ ನಕ್ಷೆ ನೋಡಿದರು. ಅವರ ತುಟಿ ಅಲುಗಿತು. ಬೈಯುತ್ತಾರೆಂದು ಎಲ್ಲರೂ ಕಾದರು. "ಆ ಸಾಲು ತೆಗೆದು ಓಡಿಸೋ," ಎಂದರು ಗ್ರಾಫಣ್ಣನಿಗೆ. ಅವನ ಬೆರಳು ಕೀಲಿಗಳ ಮೇಲೆ ಒಂದು ಗಳಿಗೆ ಅನಾಥವಾಗಿ ನಿಂತು, ಆಮೇಲೆ ಒತ್ತಿತು. ಟಕ್. ಗೋಡೆ ಬೆಳ್ಳಗಾಯಿತು. ಕಾದರು. ಒಂದೊಂದೇ ದ್ವೀಪ ಹಿಂದಿರುಗಿ ಬಂದು ತನ್ನ ಜಾಗದಲ್ಲಿ ಕೂತಿತು. ಕೆಳಗಿನ ಬಲಮೂಲೆಯಲ್ಲಿ ಮಸುಕಾದ ಚುಕ್ಕೆಗಳು ಚದುರಿ ಬಿದ್ದವು, ನಿಜವಾದ ಹೆಣಗಳವು. ಕೊನೆಗೆ, ಇಷ್ಟು ದಿನ ಬರೀ ಬಿಳಿಯಿದ್ದ ನಟ್ಟನಡುವಿನ ಜಾಗದಲ್ಲಿ ಚುಕ್ಕೆಗಳು ಮುಗಿಬಿದ್ದು ಬಂದವು. ದ್ವೀಪವಲ್ಲ, ಸೇತುವೆ. ಸುರುಳಿಯ ಕೋಶಗಳಿಂದ ಹೊರಟು ಚರ್ಮದ ಮೇಲ್ಪದರದವರೆಗೆ ಎಳೆದ ಒಂದು ದಾರಿ.

"ಬೆವರಿಗೆ ದಾರಿ ಸಿಕ್ತು," ಎಂದಳು ಹಿಂದೆ ನಿಂತಿದ್ದ ಟೆಕ್ನೀಶಿಯನ್ ಅಕ್ಕ, ತನಗೇ ಎಂಬಂತೆ.

ದೊಡ್ಡವರು ಎದ್ದು ಗೋಡೆಯ ಹತ್ತಿರ ಹೋಗಿ, ಆ ದಾರಿಯ ಮೇಲೆ ಬೆರಳಿಟ್ಟು, "ರಕ್ತಕ್ಕೆ ಎಳೆದ ಗೆರೆ ಕಣಮ್ಮ ಅದು," ಎಂದರು. ಸಿಟ್ಟೋ, ಬೇಡಿಕೊಳ್ಳುವಂಥದೋ ತಿಳಿಯದ ದನಿ. "ಚರ್ಮಕ್ಕೂ ಅದೇ ಅಂತ ನಾನು ಯಾವತ್ತು ಹೇಳಿದೆ?"

"ನೀವು ಹೇಳ್ಲಿಲ್ಲ ಸರ್. ನಾವೂ ಕೇಳ್ಲಿಲ್ಲ."

"ಇವತ್ತು ಕಳಿಸೋದು ಬೇಡ." ಬಾಗಿಲಿನವರೆಗೆ ಹೋಗಿ ತಿರುಗಿದರು. "ಹೊಸ ಗೆರೆ ನೀನೇ ಎಳಿ. ಆಮೇಲೆ ನಿನ್ನ ಗೆರೆನ ಇನ್ನೊಬ್ಬಳು ಬಂದು ಅಳಿಸ್ತಾಳೆ, ಆಗ ಗೊತ್ತಾಗುತ್ತೆ ನಿಂಗೆ." ಅದು ಶಾಪವೋ ಆಶೀರ್ವಾದವೋ, ಯಾವುದಾದರೂ ಅವಳಿಗೆ ಒಪ್ಪಿಗೆಯಿತ್ತು.

ಅವರು ಹೋದ ಮೇಲೆ ಗ್ರಾಫಣ್ಣ ಸಿಹಿಯ ಡಬ್ಬಿಯನ್ನು ಅವಳ ಮುಂದೆ ಸರಿಸಿದ. "ತಗೋ. ಇನ್ನು ನಿನ್ನ ಏನಂತ ಕರೀಲಿ?"

"ಹೆಣ ಕಾಯೋಳು ಅಂತಲೇ ಕರಿ," ಎಂದಳು, ದೊಡ್ಡ ತುಂಡನ್ನೇ ಆರಿಸಿಕೊಂಡು. "ಕಾದಿದ್ದಕ್ಕೇ ಎದ್ದವು."

ಸಂಜೆ ಬಸ್ಸು ಹತ್ತದೆ ನಡೆದೇ ಹೋದಳು. ಸ್ವೆಟರು ತೋಳಿನ ಮೇಲಿತ್ತು. ರಸ್ತೆ ಅಗೆಯುತ್ತಿದ್ದವರು, ಸಾಮಾನಿನ ಗಾಡಿ ತಳ್ಳುತ್ತಿದ್ದವನು, ಮಗುವನ್ನು ಹೊತ್ತು ಓಡುತ್ತಿದ್ದ ಹೆಂಗಸು, ಎಲ್ಲರ ಹಣೆಯೂ ಹೊಳೆಯುತ್ತಿತ್ತು. ಆ ಹೊಳಪಿನ ಕೆಳಗೆ ನಾಳ ನಾಳಕ್ಕೂ ಒಲೆ ಉರಿಯುತ್ತಿರುವುದು ಇಡೀ ಬೀದಿಯಲ್ಲಿ ತನಗೊಬ್ಬಳಿಗೇ ಗೊತ್ತು ಎನ್ನಿಸಿ, ದಾರಿಯುದ್ದಕ್ಕೂ ಕತ್ತೆತ್ತಿ ನಡೆದಳು. ಕಾಲರು ಇನ್ನೂ ಕೊಯ್ಯುತ್ತಿತ್ತು.

ಅಮ್ಮ ಬಾಗಿಲು ತೆಗೆದವಳೇ ಮುಖ ನೋಡಲಿಲ್ಲ, ಅಂಗಿ ನೋಡಿದಳು. ಅದನ್ನು ಬಿಚ್ಚಿಸಿಕೊಂಡು ದೀಪದ ಕೆಳಗೆ ಹಿಡಿದು ತಿರುಗಿಸಿದಳು. ಬೆವರು ಒಣಗಿದ ಕಡೆ, ಕಂಕುಳಿನ ಸುತ್ತ, ಬೆನ್ನಿನ ನಡುವೆ, ಬಿಳಿಯ ಮೇಲೆ ಇನ್ನೂ ಬಿಳಿಯಾಗಿ ಉಪ್ಪು ಗೆರೆ ಕಟ್ಟಿತ್ತು. ಅಮ್ಮ ಆ ಗೆರೆಯ ಮೇಲೆ ಹೆಬ್ಬೆರಳು ಎಳೆದಳು, ಬಟ್ಟೆಯ ಎಳೆ ಪರೀಕ್ಷಿಸುವವಳ ಹಾಗೆ.

"ಎಣಿಸೋ ಕೆಲಸ ಅಂತೀಯ. ಇವತ್ತು ಏನು ಮೂಟೆ ಹೊತ್ತೆಯೇ?"

"ಒಂದು ಗೆರೆ ಅಳಿಸಿದೆ ಅಮ್ಮ."

"ಒಂದು ಗೆರೆ ಅಳಿಸೋಕೆ ಇಷ್ಟು ಬೆವರಾ?" ಅಮ್ಮ ಬಕೆಟ್ಟಿನ ಕಡೆಗೆ ತಿರುಗಿದಳು.

"ಇರಮ್ಮ, ಅದನ್ನ ಇವತ್ತೇ ಒಗೀಬೇಡ."

"ಒಗೀದೆ ಇನ್ನೇನು, ಕಟ್ಟು ಹಾಕಿಸಿ ಗೋಡೆಗೆ ನೇತು ಹಾಕ್ತೀಯಾ? ನಾಳೆ ಇದನ್ನೇ ಹಾಕ್ಕೊಂಡು ಹೋಗು. ಮತ್ತೆ ಬರುತ್ತೆ ಬಿಡು, ಉಪ್ಪಿಗೇನು ಬರವಾ?"

ಅಂಗಿ ನೀರಿನಲ್ಲಿ ಮುಳುಗಿತು. ಒಲೆಯ ಮೇಲೆ ಗಂಜಿ ಆಗಲೇ ಕುದಿಯುತ್ತಿತ್ತು. ಅವಳು ಜೇಬಿನಿಂದ ಎರಡು ಕರವಸ್ತ್ರಗಳನ್ನೂ ತೆಗೆದು ಬಕೆಟ್ಟಿಗೆ ಹಾಕಲು ಹೋದಾಗ ಅಮ್ಮ ತಡೆದು ಮುಟ್ಟಿ ನೋಡಿದಳು. ಎರಡೂ ಒಣಗಿದ್ದವು, ಬೆಳಿಗ್ಗೆ ಮಡಿಸಿಕೊಟ್ಟ ಮಡಿಕೆ ಮಡಿಕೆಯಾಗಿಯೇ ಇತ್ತು.